ಪಕ್ಷಾಂತರವೂ ಮಾವಿನ ರಾಶಿಯೂ

ರಾಜಕೀಯ ವರದಿಗಾರರೂ ಗಣಿತದ ಮೇಷ್ಟ್ರುಗಳೂ ಹಂಚಿಕೊಂಡು ಬಳಸುವ ಪದವೊಂದು ಕನ್ನಡದಲ್ಲಿದೆ: ಪಕ್ಷಾಂತರ. ಆ ಕಡೆ ಹೋದೊಡನೆ ಚಿಹ್ನೆ ಬದಲಾಗುತ್ತದೆ ಎಂಬ ನಿಯಮವೂ ಇಬ್ಬರಿಗೂ ಒಂದೇ. ನಮ್ಮ ಮೇಷ್ಟ್ರು ವರ್ಷಕ್ಕೆ ಮೂರು ಸಲವಾದರೂ ಈ ಚಟಾಕಿ ಹಾರಿಸುತ್ತಿದ್ದರು. ನಾವೂ ಪ್ರತಿ ಸಲ ನಗುತ್ತಿದ್ದೆವು. ಆ ನಗುವಿನ ನಡುವೆ ಸಣ್ಣದೊಂದು ಅನಾಹುತವೂ ಆಗುತ್ತಿತ್ತು ಎಂದು ನನಗೆ ಹೊಳೆದದ್ದು ಮೊನ್ನೆ, ಒಂಬತ್ತನೇ ತರಗತಿಯಲ್ಲಿ ಓದುವ ಅಕ್ಕನ ಮಗಳ ನೋಟ್‌ಬುಕ್ ತಿರುವಿಹಾಕುತ್ತಿದ್ದಾಗ.

ಲೆಕ್ಕ ಹೀಗಿತ್ತು: 5ಯಾ − 3(ಯಾ − 4) = 20. ಅವಳು ಬರೆದದ್ದು ಎಕ್ಸ್. ಯಾ ಎನ್ನುವುದು ನನ್ನ ಚಪಲ. ಚಪಲಕ್ಕೆ ಆಧಾರವಿಲ್ಲದೆ ಇಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ ತಾವತ್’, ಅಂದರೆ ‘ಎಷ್ಟೋ ಅಷ್ಟು’ ಎಂದು ಕರೆದು, ಮೊದಲ ಅಕ್ಷರ ‘ಯಾ’ ಮಾತ್ರ ಬರೆಯುತ್ತಿದ್ದರು. ಗೊತ್ತಿಲ್ಲದ್ದು ಇನ್ನೊಂದಿದ್ದರೆ ಅದು ಕಾಲಕ, ಕಪ್ಪು. ಮತ್ತೊಂದಿದ್ದರೆ ನೀಲಕ, ಆಮೇಲೆ ಪೀತಕ. ಮುಖ ಕಾಣದ ಸಂಖ್ಯೆಗೂ ಬಣ್ಣ ಹಚ್ಚಿ ನಿಲ್ಲಿಸುವ ಈ ರಸಿಕತೆಯ ಮುಂದೆ ಎಕ್ಸ್ ನನಗೆ ಯಾವತ್ತೂ ಸಪ್ಪೆ.

ಹುಡುಗಿಯ ಎರಡನೇ ಸಾಲು: 5ಯಾ − 3ಯಾ − 12 = 20. ಮೂರನೆಯದು: 2ಯಾ = 32. ಕೊನೆಗೆ ಯಾ = 16, ಸುತ್ತ ಸ್ಕೇಲು ಹಿಡಿದು ಎಳೆದ ಚೌಕ.

“ತಾಳೆ ನೋಡಿದ್ಯಾ?”

“ಉತ್ತರ ಬಂತಲ್ಲ ಮಾವ, ಇನ್ನೇನು ನೋಡೋದು?”

ಯಾ ಇದ್ದ ಕಡೆ 16 ಹಾಕಿಸಿದೆ. 80ರಲ್ಲಿ 36 ಹೋದರೆ 44. ಇರಬೇಕಾದದ್ದು 20. ಚೌಕದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು.

ತಪ್ಪು ಆವರಣದ ಬಾಗಿಲಲ್ಲೇ ಕೂತಿತ್ತು. ಹೊರಗಿನ ಋಣಚಿಹ್ನೆ ಒಳಗಿನ ಇಬ್ಬರಿಗೂ ತಗಲಬೇಕು ಎಂದು ನಿಯಮ ಒಪ್ಪಿಸಬಹುದಿತ್ತು. ಅದು ಅವಳಿಗೂ ಬಾಯಿಪಾಠ. ಅಂಗಡಿಗೆ ಕರೆದುಕೊಂಡು ಹೋದೆ, ಮಾತಿನಲ್ಲೇ. ಯಾ ರೂಪಾಯಿಯ ವಸ್ತು, ಒಂದೊಂದಕ್ಕೆ 4 ರೂಪಾಯಿ ರಿಯಾಯಿತಿ, ಮೂರು ಕೊಂಡೆ. ರಿಯಾಯಿತಿ ಇಲ್ಲದೆ 3ಯಾ ಕೊಡಬೇಕಿತ್ತು. ಈಗ 12 ರೂಪಾಯಿ ಜೇಬಿನಲ್ಲೇ ಉಳಿಯಿತು. ಉಳಿದದ್ದನ್ನು ಕೂಡುತ್ತೀಯೋ ಕಳೆಯುತ್ತೀಯೋ? “ಓ, ಪ್ಲಸ್ಸು!” ಎಂದಳು. 5ಯಾ − 3ಯಾ + 12 = 20, ಅಂದರೆ 2ಯಾ + 12 = 20, ಅಂದರೆ 2ಯಾ = 8.

ಇಷ್ಟು ಸರಿಯಾಗಿ ಬಂದವಳು ಮುಂದಿನ ಸಾಲಿನಲ್ಲಿ ಬರೆದದ್ದೇನು ಗೊತ್ತೇ? ಯಾ = 8 − 2 = 6. ಯಾಕೆ ಎಂದರೆ, “ಎರಡು ಆ ಕಡೆ ಹೋಯ್ತಲ್ಲ ಮಾವ, ಚಿಹ್ನೆ ಬದಲಾಗಬೇಕಲ್ಲ.”

ಅನಾಹುತ ಎಂದದ್ದು ಇದನ್ನೇ. ಸಮೀಕರಣದಲ್ಲಿ ಯಾರೂ ಯಾವ ಪಕ್ಷಕ್ಕೂ ಜಿಗಿಯುವುದಿಲ್ಲ. 2ಯಾ + 12 = 20 ಎಂಬಲ್ಲಿ ತಕ್ಕಡಿಯ ಎರಡೂ ತಟ್ಟೆಗಳಿಂದ 12 ತೆಗೆದೆವು, ಅಷ್ಟೇ. ಎಡಗಡೆ ಅದು ಮಾಯವಾಯಿತು, ಬಲಗಡೆ ಕಳೆದುಹೋಯಿತು. ದೂರದಿಂದ ನೋಡಿದವರಿಗೆ ವೇಷ ಬದಲಿಸಿ ದಾಟಿದಂತೆ ಕಂಡಿತು. 2ಯಾ = 8ರಲ್ಲಿ ಆ 2 ಕೂಡಿಸಿಟ್ಟದ್ದಲ್ಲ, ಗುಣಿಸಿದ್ದು. ಎರಡೂ ತಟ್ಟೆಗಳನ್ನು ಅರ್ಧ ಮಾಡಬೇಕು. ಹಳೆಯ ಗಣಿತಜ್ಞರೂ ಸಮೀಕರಣದ ಬದಿಗಳನ್ನು ಪಕ್ಷ ಎಂದೇ ಕರೆದರು. ಆದರೆ ಕೆಲಸಕ್ಕೆ ಅವರಿಟ್ಟ ಹೆಸರು ಸಮಶೋಧನ: ಎರಡೂ ಕಡೆಯಿಂದ ಸಮನಾದದ್ದನ್ನು ಕಳೆಯುವುದು. ಪಠ್ಯಪುಸ್ತಕ ಬರೆಯುವವರು ಆ ಪದವನ್ನು ಅಟ್ಟದಿಂದ ಇಳಿಸಿದರೆ ನಾನಂತೂ ಎದ್ದು ನಿಂತು ಕೈಮುಗಿಯುತ್ತೇನೆ.

ಇದೇ ತಕ್ಕಡಿ ಸಮಚಿಹ್ನೆಯಲ್ಲೂ ಇದೆ. 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬಾತ ಒಂದೇ ಉದ್ದದ ಎರಡು ಸಮಾಂತರ ಗೆರೆಗಳನ್ನು ಆರಿಸಿಕೊಂಡ. ಅವೆರಡಕ್ಕಿಂತ ಹೆಚ್ಚು ಸಮನಾದ ಜೋಡಿ ಬೇರೆಲ್ಲಿದೆ ಎಂಬುದು ಆತನ ಸಮರ್ಥನೆ. ನಮ್ಮ ಮಕ್ಕಳ ಕೈಯಲ್ಲಿ ಆ ಚಿಹ್ನೆ ‘ಆಮೇಲೆ’ ಎಂಬ ಅರ್ಥ ಪಡೆದಿದೆ. 3 + 4 = 7 × 2 = 14 ಎಂದು ಒಂದೇ ಉಸಿರಿನಲ್ಲಿ ಬರೆಯುತ್ತಾರೆ. ಉತ್ತರವೇನೋ ಸರಿ, ಆದರೆ ಆ ಸಾಲಿನ ಪ್ರಕಾರ 7ಕ್ಕೂ 14ಕ್ಕೂ ವ್ಯತ್ಯಾಸವೇ ಇಲ್ಲ. ನಾನು ತಿದ್ದುವವನಾದರೆ ಅರ್ಧ ಅಂಕ ಕತ್ತರಿಸಿಯೇ ಸಿದ್ಧ.

ಹಾಡುಗಾರಿಕೆ ಬಲ್ಲವರು ಶ್ರುತಿ ನೋಡಿದ ಹಾಗೆ, ಲೆಕ್ಕದ ಹೆಜ್ಜೆಯಲ್ಲಿ ನಾನು ನೋಡುವುದು ಒಂದನ್ನೇ: ಇಲ್ಲಿಂದ ಹಿಂದಕ್ಕೆ ಹೋಗಬಹುದೇ? 12 ಕಳೆದೆವು, ಕೂಡಿದರೆ ಹಿಂದಿನ ಸಾಲು. ಅರ್ಧ ಮಾಡಿದೆವು, ಇಮ್ಮಡಿಸಿದರೆ ಹಿಂದಿನ ಸಾಲು. ಈ ಗುಣವಿಲ್ಲದ ಹೆಜ್ಜೆ ಎಷ್ಟು ಚುರುಕಾಗಿದ್ದರೂ ನನಗೆ ಅನುಮಾನ. ಯಾ² = 5ಯಾ ಕೊಟ್ಟು ನೋಡಿ. ಹತ್ತರಲ್ಲಿ ಎಂಟು ಮಂದಿ ಎರಡೂ ಕಡೆ ಒಂದೊಂದು ಯಾ ಹೊಡೆದುಹಾಕಿ 5 ಎನ್ನುತ್ತಾರೆ. ಯಾ ಸೊನ್ನೆಯಾದರೂ ಲೆಕ್ಕ ಕೂಡುತ್ತದಲ್ಲ! ಆ ಉತ್ತರ ಹೋದದ್ದೆಲ್ಲಿಗೆ? ಯಾ ಸೊನ್ನೆಯಾಗಿದ್ದರೆ ನಾವು ಸೊನ್ನೆಯಿಂದ ಭಾಗಿಸಿದಂತಾಯಿತು, ಮತ್ತು ಆ ಹೊಂಡದಿಂದ ಹಿಂದಿರುಗುವ ದಾರಿ ಇಲ್ಲ. ಯಾ² − 5ಯಾ = 0 ಎಂದು ಬರೆದು, ಯಾ(ಯಾ − 5) = 0 ಎಂದು ಅಪವರ್ತಿಸಿದರೆ 0, 5 ಎರಡೂ ಕೈಗೆ ಬರುತ್ತವೆ. ಒಂದು ಸಾಲು ಹೆಚ್ಚು, ಒಂದು ಉತ್ತರವೂ ಹೆಚ್ಚು.

ಈ ಹೊಂಡದಲ್ಲಿ ದೊಡ್ಡವರೂ ಕಾಲಿಟ್ಟಿದ್ದಾರೆ. 9ನೇ ಶತಮಾನದಲ್ಲಿ, ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಜೈನ ಗಣಿತಜ್ಞ ಮಹಾವೀರಾಚಾರ್ಯರು, ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದುಬಿಟ್ಟರು. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅದೇ ಗ್ರಂಥದಲ್ಲಿ ಖಚಿತವಾಗಿ ಹೇಳಿದವರು, ಭಿನ್ನರಾಶಿ ಕೂಡಲು ನಾವಿಂದು ಲ.ಸಾ.ಅ. ಎನ್ನುವುದಕ್ಕೆ ‘ನಿರುದ್ಧ’ ಎಂದು ಹೆಸರಿಟ್ಟು ಬಳಸಿದವರು. ಒಂದು ಜಾಗದಲ್ಲಿ ಕಾಲು ಜಾರಿತು. ನಾನು ಅವರಿಗೆ ಅರ್ಧ ಅಂಕ ಕತ್ತರಿಸಲಾರೆ, ಏಕೆಂದರೆ ಅವರ ಮಾವಿನ ಲೆಕ್ಕಕ್ಕೆ ನಾನು ಸೋತಿದ್ದೇನೆ.

ಒಂದು ರಾಶಿ ಮಾವು. ರಾಜ 1/6 ತೆಗೆದುಕೊಂಡ. ಉಳಿದದ್ದರಲ್ಲಿ ರಾಣಿ 1/5. ಆಮೇಲೆ ಉಳಿಯುತ್ತಾ ಹೋದದ್ದರಲ್ಲಿ ಮೂವರು ರಾಜಕುಮಾರರು ಒಬ್ಬರಾದ ಮೇಲೊಬ್ಬರಂತೆ 1/4, 1/3, 1/2. ಎಲ್ಲರಿಗಿಂತ ಕಿರಿಯ ಮಗುವಿಗೆ ಮಿಕ್ಕಿದ್ದು ಮೂರು ಹಣ್ಣು. ರಾಶಿಯಲ್ಲಿದ್ದದ್ದೆಷ್ಟು?

ಅಕ್ಕನ ಮಗಳು ಪೆನ್ಸಿಲ್ ತೆಗೆದವಳೇ ಐದೂ ಭಿನ್ನರಾಶಿಗಳನ್ನು ಸಾಲಾಗಿ ಬರೆದು, ಲ.ಸಾ.ಅ. 60 ಹಿಡಿದು ಕೂಡಿದಳು. ಬಂದದ್ದು 87/60. ರಾಜಮನೆತನ ರಾಶಿಗಿಂತ ಹೆಚ್ಚು ಹಣ್ಣು ತಿಂದು ಮುಗಿಸಿತ್ತು, ಮಗುವಿನ ಮೂರು ಇನ್ನೂ ಬಾಕಿ! ‘ಉಳಿದದ್ದರಲ್ಲಿ’ ಎಂಬ ಪದದ ಮೇಲೆ ಕಣ್ಣು ಹಾಯಿಸದೆ ಹೋದದ್ದಕ್ಕೆ ಇಷ್ಟು ರಾದ್ಧಾಂತ.

ಯಾ ಹಿಡಿದು ಮುಂದಕ್ಕೆ ನಡೆದರೂ ಉತ್ತರ ಸಿಗುತ್ತದೆ. ಆದರೆ ಈ ಲೆಕ್ಕದ ರುಚಿ ಇರುವುದು ಹಿಂದಕ್ಕೆ ನಡೆಯುವುದರಲ್ಲಿ. ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ಈ ಜಾಡಿಗೆ ವಿಲೋಮ ಎಂದು ಹೆಸರು. ಮಗುವಿನ 3, ಕೊನೆಯ ರಾಜಕುಮಾರ ಅರ್ಧ ತೆಗೆದ ಮೇಲೆ ಉಳಿದ ಅರ್ಧ. ಹಾಗಾದರೆ ಅವನ ಮುಂದೆ 6 ಇತ್ತು. ಆ 6, ಹಿಂದಿನವನು ಮೂರರಲ್ಲೊಂದು ತೆಗೆದ ಮೇಲೆ ಉಳಿದ ಎರಡು ಪಾಲು, ಅಲ್ಲಿದ್ದದ್ದು 9. ಅದು ಮುಕ್ಕಾಲಾದರೆ ಪೂರ್ತಿ 12. ಆ 12 ಐದರಲ್ಲಿ ನಾಲ್ಕು ಪಾಲು, ಪೂರ್ತಿ 15. ಆ 15 ಆರರಲ್ಲಿ ಐದು ಪಾಲು, ಪೂರ್ತಿ 18.

“ಹದಿನೆಂಟು. ಆಯ್ತು” ಎಂದು ಪುಸ್ತಕ ಮುಚ್ಚಲು ಹೊರಟಳು. ತಾಳೆ ನೋಡದೆ ಏಳುವ ಹಾಗಿಲ್ಲ ಎಂದೆ. ಗೊಣಗುತ್ತಲೇ ಮೇಲಿನಿಂದ ಹಂಚತೊಡಗಿದಳು. ರಾಜನಿಗೆ ಹದಿನೆಂಟರಲ್ಲಿ ಆರನೇ ಒಂದು, 3. ರಾಣಿಗೆ ಹದಿನೈದರಲ್ಲಿ ಐದನೇ ಒಂದು, 3. ಮೊದಲ ಕುಮಾರನಿಗೆ ಹನ್ನೆರಡರಲ್ಲಿ ಕಾಲು... ಅಲ್ಲಿಗೆ ಪೆನ್ಸಿಲ್ ನಿಂತಿತು.

“ಮಾವ, ಎಲ್ಲರಿಗೂ ಮೂರೇ!”

ಆರು ಜನ, ಒಬ್ಬೊಬ್ಬರಿಗೆ ಮೂರು. 1/6, 1/5, 1/4 ಎಂದು ಒಬ್ಬರಿಗಿಂತ ಒಬ್ಬರಿಗೆ ಪಾಲು ದೊಡ್ಡದಾಗುತ್ತಾ ಹೋದಂತೆ ರಾಶಿ ಅಷ್ಟಕ್ಕಷ್ಟೇ ಕುಗ್ಗುತ್ತಾ ಬಂದಿದೆ. ಉತ್ತರಕ್ಕೆ ಚೌಕ ಎಳೆದು ಎದ್ದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಓದುಗರಿಗೆ ಈ ವಾರದ ಲೆಕ್ಕ: ರಾಜನಿಗೂ ಮೊದಲು ಆಸ್ಥಾನದ ಗಣಿತಜ್ಞರೊಬ್ಬರು ಬಂದು ರಾಶಿಯ 1/7 ತೆಗೆದುಕೊಂಡರು, ಮುಂದಿನದೆಲ್ಲ ಮೇಲಿನಂತೆಯೇ, ಮಗುವಿಗೆ ಮೂರೇ ಹಣ್ಣು. ಈಗ ರಾಶಿ ಎಷ್ಟು? ಪೆನ್ಸಿಲ್ ಮುಟ್ಟಬಾರದು.