ಮಾರೋವಿಂಡ್‌ಗೆ ಕನ್ನಡದಲ್ಲಿ ಹೋಗುವುದು

2002ರಲ್ಲಿ ಬಂದ ‘ಮಾರೋವಿಂಡ್’ ಎಂಬ ವಿಡಿಯೋ ಗೇಮಿನಲ್ಲಿ ಮುಖ್ಯ ಕಥೆಗೆ ಬೇಕೇಬೇಕಾದ ಪಾತ್ರವೊಂದನ್ನು ನೀವು ಕೊಂದುಬಿಟ್ಟರೆ ಆಟ ನಿಲ್ಲುವುದಿಲ್ಲ. ಪರದೆಯ ಮೇಲೆ ಒಂದು ಸೂಚನೆ ಮೂಡುತ್ತದೆ, ಅಷ್ಟೆ. ಭವಿಷ್ಯವಾಣಿಯ ಎಳೆ ಕಡಿದುಹೋಯಿತು, ಬೇಕಿದ್ದರೆ ಹಿಂದೆ ಉಳಿಸಿಟ್ಟ ಜಾಗಕ್ಕೆ ಮರಳಿ, ಇಲ್ಲವಾದರೆ ನೀವೇ ಕೆಡಿಸಿದ ಈ ಲೋಕದಲ್ಲಿ ಮುಂದುವರಿಯಿರಿ ಎಂಬುದು ಅದರ ತಾತ್ಪರ್ಯ. ನಾನು ಬಲ್ಲ ಆಟಗಾರರೆಲ್ಲ ಮರಳುವವರೇ. ಮುಂದುವರಿದರೂ ಹೆಚ್ಚಿನ ಪ್ರಯೋಜನವಿಲ್ಲ ಎನ್ನುವುದು ನಿಜ, ಯಾಕೆಂದರೆ ಎಳೆ ಕಡಿದ ಮೇಲೆ ಆಟಕ್ಕೆ ಹೇಳಲು ಹೆಚ್ಚೇನೂ ಉಳಿದಿರುವುದಿಲ್ಲ. ಕೆಟ್ಟುಹೋದ ಲೋಕದಲ್ಲಿ ಬದುಕಿ ಎಂದು ಆಹ್ವಾನಿಸಿ, ಆ ಬದುಕಿಗೆ ಹೆಚ್ಚೇನನ್ನೂ ಬರೆದಿಡದ ಪಠ್ಯ ಇದು.

ಆ ಬರೆಯದ ಭಾಗವನ್ನು ಮಾತಿನಲ್ಲಿ ಕಟ್ಟುವ ಒಂದು ರೂಪವಿದೆ. ಇಂಗ್ಲಿಷಿನಲ್ಲಿ ಅದನ್ನು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಎನ್ನುತ್ತಾರೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನಿಂದ ಈ ಪರಂಪರೆ ಶುರು. ಒಬ್ಬರು ಲೋಕವನ್ನು ವಿವರಿಸುತ್ತಾರೆ, ಅವರು ಗೇಮ್ ಮಾಸ್ಟರ್. ಉಳಿದ ನಾಲ್ಕೈದು ಮಂದಿ ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆ, ಏನು ಹೇಳುತ್ತದೆ ಎಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಮಿಕ್ಕಿದ್ದೆಲ್ಲ ಮಾತು. ಒಂದೇ ಕಥೆ ವಾರಗಟ್ಟಲೆ, ತಿಂಗಳುಗಟ್ಟಲೆ ನಡೆದರೆ ಅದಕ್ಕೆ ಕ್ಯಾಂಪೇನ್ ಎಂದು ಹೆಸರು.

ಕಳೆದ ವರ್ಷದಿಂದ ನಾನು ಭಾನುವಾರ ರಾತ್ರಿಗಳಲ್ಲಿ ಡಿಸ್ಕಾರ್ಡಿನ ಮೂಲಕ, ಮಾರೋವಿಂಡ್ ಲೋಕದಲ್ಲಿ ನಡೆಯುವ ಅಂಥದೊಂದು ಕ್ಯಾಂಪೇನನ್ನು ಕನ್ನಡದಲ್ಲಿ ನಡೆಸುತ್ತಿದ್ದೇನೆ. ಇದು ಅದರ ವರದಿಯಲ್ಲ. ಒಂದು ಪಠ್ಯ ಪರದೆಯಿಂದ ಮಾತಿಗೆ ಬಂದಾಗ, ಅದರಲ್ಲೂ ಕನ್ನಡದ ಮಾತಿಗೆ ಬಂದಾಗ, ಅದರೊಳಗೆ ಅಡಗಿದ್ದುದು ಹೇಗೆ ಹೊರಬೀಳುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಮಾರೋವಿಂಡನ್ನು ಮಾತಿಗೆ ತರುವುದೆಂದರೆ ತವರಿಗೆ ಕಳಿಸಿದಂತೆ ಎಂದು ವಾದಿಸಬಹುದು. ಈ ಸರಣಿಯ ಮೊದಲ ಆಟ ‘ಅರೀನಾ’ 1994ರದ್ದು. ಅದನ್ನು ರೂಪಿಸಿದವರು ತಮ್ಮೊಳಗೇ ಆಡುತ್ತಿದ್ದ ಟೇಬಲ್‌ಟಾಪ್ ಆಟದಿಂದಲೇ ಟಾಮ್ರಿಯಲ್ ಎಂಬ ಖಂಡ ಹುಟ್ಟಿತು. ಮಾರೋವಿಂಡಿನ ಮುಖ್ಯ ವಿನ್ಯಾಸಕಾರ ಕೆನ್ ರೋಲ್‌ಸ್ಟನ್ ಅದಕ್ಕೂ ಮೊದಲು ‘ಪ್ಯಾರನೋಯಿಯಾ’, ‘ರೂನ್‌ಕ್ವೆಸ್ಟ್’ನಂಥ ಟೇಬಲ್‌ಟಾಪ್ ಆಟಗಳಿಗೆ ದುಡಿದವರು. ಆದರೂ ತವರಿನ ರೂಪಕ ನನಗೆ ಒಗ್ಗುವುದಿಲ್ಲ. ಪರದೆಯಲ್ಲಿ ಇದ್ದಷ್ಟು ಕಾಲದಲ್ಲಿ ಈ ಲೋಕಕ್ಕೆ ಪರದೆಯ ಚಾಳಿಗಳು ಅಂಟಿಕೊಂಡಿವೆ. ದೊಡ್ಡ ಚಾಳಿ ಎಂದರೆ ಕಾಯುವುದು. ಮನೆಗೆ ಬೆಂಕಿ ಬೀಳಲಿದೆ ಎಂದು ಯಾರೋ ನಿಮಗೆ ಹೇಳಿದರೆ, ನೀವು ಅಣಬೆ ಆಯ್ದುಕೊಂಡು ಆರು ತಿಂಗಳ ಮೇಲೆ ಬಂದರೂ ಬೆಂಕಿ ನಿಮಗಾಗಿ ಕಾದಿರುತ್ತದೆ. ಲೋಕವೆಲ್ಲ ಒಬ್ಬನ ಸುತ್ತ ಸುತ್ತುತ್ತದೆ, ಆ ಒಬ್ಬ ಪುನರ್ಜನ್ಮ ಪಡೆದ ವೀರ ನೆರವರೀನ್.

ಹಾಗಾಗಿ ಕ್ಯಾಂಪೇನ್ ಶುರುಮಾಡುವ ಮೊದಲು ನಾವೆಲ್ಲ ಕೂತು ಮಾತಾಡಿದ ಮೊದಲ ಸಂಗತಿ ಇಸವಿ. ಆಟ ಆರಂಭವಾಗುವುದು ಮೂರನೇ ಯುಗದ 427ರಲ್ಲಿ, ವೀರ ಹಡಗಿನಿಂದ ಇಳಿಯುವ ವರ್ಷ. ನಾವು 426ನ್ನು ಆರಿಸಿಕೊಂಡೆವು. ವೀರ ಇನ್ನೂ ಬಂದಿಲ್ಲ. ಕೆಂಪು ಬೆಟ್ಟದಿಂದ ರೋಗ ಹೊತ್ತ ಬೂದಿಗಾಳಿ ಇಳಿಯುತ್ತಿದೆ, ಜನ ತಮ್ಮ ಪಾಡಿಗೆ ತಾವು ಬದುಕುತ್ತಿದ್ದಾರೆ, ಅವರನ್ನು ಉಳಿಸುವವನು ಯಾರೂ ಇಲ್ಲ. ಹೀಗೆ ಒಂದು ವರ್ಷ ಹಿಂದಕ್ಕೆ ಸರಿದದ್ದರಿಂದ ನಮ್ಮ ಪಾತ್ರಗಳು ಆಯ್ಕೆಯಾದವರಲ್ಲ, ಬರೀ ಅಲ್ಲಿರುವವರು. ವಿಡಿಯೋ ಗೇಮಿನ ಲೋಕದಲ್ಲಿ ಕ್ಯಾಂಪೇನ್ ಮಾಡಹೊರಟವರು ಯಾರೇ ನನ್ನನ್ನು ಕೇಳಿದರೂ ಮೊದಲು ವೀರನನ್ನು ಮನೆಯಿಂದ ಆಚೆ ಹಾಕಿ ಎನ್ನುತ್ತೇನೆ.

ನಕ್ಷೆಯ ವಿಷಯದಲ್ಲೂ ನನಗೆ ಖಚಿತ ಅಭಿಪ್ರಾಯವಿದೆ. ರೋಲ್20, ಫೌಂಡ್ರಿಯಂಥ ತಾಣಗಳಲ್ಲಿ ಬಣ್ಣದ ನಕ್ಷೆ ಹಾಸಿ, ಕತ್ತಲೆ ಬೆಳಕು ಕೂರಿಸಿ, ಬೊಂಬೆಗಳನ್ನು ಚೌಕದಿಂದ ಚೌಕಕ್ಕೆ ಸರಿಸಬಹುದು. ಹೀಗೆ ಮಾಡಿದಾಗ ಎರಡೇ ವಾರದಲ್ಲಿ ಎಲ್ಲರೂ ಮಾತು ಬಿಟ್ಟು ಮೌಸ್ ಹಿಡಿಯುವುದನ್ನು ಬೇರೆ ಗುಂಪುಗಳಲ್ಲಿ ಕಂಡಿದ್ದೇನೆ. ಒಳ್ಳೆಯ ವಿಡಿಯೋ ಗೇಮೊಂದನ್ನು ಬಿಟ್ಟು ಬಂದು ಕಳಪೆ ವಿಡಿಯೋ ಗೇಮೊಂದನ್ನು ಕಟ್ಟಿದಂತಾಯಿತು. ಮಾರೋವಿಂಡ್ ತಾನೇ ಇದನ್ನು ಬಲ್ಲದು. ಈಚಿನ ಆಟಗಳಲ್ಲಿ ಹೋಗಬೇಕಾದ ಜಾಗಕ್ಕೆ ಬಾಣದ ಗುರುತು ಇರುತ್ತದೆ. ಮಾರೋವಿಂಡಿನಲ್ಲಿ ಯಾರನ್ನಾದರೂ ಕೇಳಬೇಕು, ಅವರು ಸೇತುವೆ ದಾಟಿ ಎಡಕ್ಕೆ ಹೊರಳಿ ಎಂಬಂತೆ ದಾರಿ ಹೇಳುತ್ತಾರೆ, ಒಮ್ಮೊಮ್ಮೆ ತಪ್ಪಾಗಿಯೂ ಹೇಳುತ್ತಾರೆ. ಸಂತೆಗೆ ಹೋಗುವವರನ್ನು ದಾರಿ ಕೇಳಿ ಬೆಳೆದವರಿಗೆ ಇದು ಹೊಸತಲ್ಲ.

ಇನ್ನು ಭಾಷೆ. ಇಂಗ್ಲಿಷಿನ ಮಾರೋವಿಂಡಿನಲ್ಲಿ ಎಲ್ಲರೂ ಎಲ್ಲರಿಗೂ ‘ಯೂ’. ಕನ್ನಡಕ್ಕೆ ಆ ಸೌಕರ್ಯವಿಲ್ಲ. ಬಾಲ್ಮೋರಾದ ಅಂಗಡಿಯವನು ಬಾಯಿ ತೆರೆದ ಕೂಡಲೇ ನಾನು ನೀನು, ನೀವು, ತಾವು ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ಆರಿಸಿದ ಕ್ಷಣ ಎದುರಿನ ಪಾತ್ರದ ಅಂತಸ್ತು ತೀರ್ಮಾನವಾಗಿಬಿಡುತ್ತದೆ. ಯಾವ ಪಾತ್ರಕ್ಕೆ ಯಾವ ಸೀಮೆಯ ಕನ್ನಡ ಎಂಬುದೂ ಇಷ್ಟೇ ಅಪಾಯದ ಪ್ರಶ್ನೆ. ಆಳುಗಳಿಗೆ ಹಳ್ಳಿ ಮಾತು, ಮಂತ್ರವಾದಿಗಳಿಗೆ ಗ್ರಾಂಥಿಕ ಎಂಬ ನಮ್ಮ ಹಳೆಯ ಸಿನಿಮಾ ಚಾಳಿ ಬಾಗಿಲಲ್ಲೇ ಕಾದಿರುತ್ತದೆ. ನಮ್ಮ ಗುಂಪಿನ ಕಲಬುರಗಿಯ ಗೆಳೆಯ ರೆಡೊರಾನ್ ಮನೆತನದ ಸೇನಾನಿಯನ್ನು ಅಪ್ಪಟ ತನ್ನೂರಿನ ಮಾತಿನಲ್ಲಿ ಆಡಿಸಿ ಆ ಬಾಗಿಲನ್ನು ಮುಚ್ಚಿದ.

ಮಾರೋವಿಂಡಿನಲ್ಲಿ ಗುಲಾಮಗಿರಿ ಕಾನೂನುಬದ್ಧ. ಸಾಮ್ರಾಜ್ಯದ ಉಳಿದೆಡೆ ಅದಕ್ಕೆ ನಿಷೇಧವಿದ್ದರೂ ಶರಣಾಗತಿಯ ಒಪ್ಪಂದದಲ್ಲಿ ಈ ಪ್ರಾಂತ ವಿನಾಯಿತಿ ಪಡೆದಿದೆ. ಗುಲಾಮರಲ್ಲಿ ಹೆಚ್ಚಿನವರು ಹಲ್ಲಿಯ ಮೈಯ ಆರ್ಗೋನಿಯನ್ನರು, ಬೆಕ್ಕಿನ ಮೈಯ ಖಜೀಟರು. ಸುರಾನ್ ಊರಿನಲ್ಲಿ ಸಂತೆ, ಡ್ರೆನ್ ತೋಟದಲ್ಲಿ ದುಡಿತ. ಖಜೀಟರದೊಂದು ವಿಶೇಷವೆಂದರೆ ಅವರಲ್ಲಿ ಹಲವರು ತಮ್ಮನ್ನು ‘ನಾನು’ ಎನ್ನದೆ ಪ್ರಥಮ ಪುರುಷದಲ್ಲಿ ಹೇಳಿಕೊಳ್ಳುತ್ತಾರೆ, ‘ಈ ಖಜೀಟ್’ ಎನ್ನುವ ಹಾಗೆ. ಇಂಗ್ಲಿಷಿನಲ್ಲಿ ಅದು ಕಿವಿಗೆ ಮೋಜು, ಅಷ್ಟಕ್ಕೇ ಮುಗಿಯಿತು. ಕನ್ನಡದಲ್ಲಿ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ, ಕ್ರಿಯಾಪದ ಬರಬೇಕು. ಈ ಖಜೀಟ್ ನೋಡಿದನೋ, ನೋಡಿದಳೋ, ನೋಡಿತೋ?

ಆ ಪಾತ್ರವನ್ನು ಆಡುತ್ತಿದ್ದವಳು ಭಾಷಾಶಾಸ್ತ್ರದ ವಿದ್ಯಾರ್ಥಿನಿ. ಮೊದಲ ರಾತ್ರಿಯೇ ಅವಳು ಈ ಪ್ರಶ್ನೆಯನ್ನು ಮೇಜಿನ ಮೇಲಿಟ್ಟಳು. ತೋಟದ ಯಜಮಾನ ಖಜೀಟನ್ನು ‘ಅದು’ ಎಂದೇ ಕರೆಯುತ್ತಾನೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ವಯಸ್ಸಾದ ಆಳನ್ನು ಯಜಮಾನನ ಮೊಮ್ಮಗ ಏಕವಚನದಲ್ಲಿ ಕರೆಯುವುದನ್ನು ಕೇಳಿದ ಊರುಗಳಿಂದ ಬಂದವರು ನಾವು. (ಹವ್ಯಕ ಕನ್ನಡದಲ್ಲಿ ಹೆಂಗಸರನ್ನು ‘ಅದು’ ಎನ್ನುವುದು ಮನೆಮಾತು, ಆಡುವವರಿಗೆ ಅದರಲ್ಲಿ ತಿರಸ್ಕಾರ ಕೇಳಿಸುವುದಿಲ್ಲ ಎಂದು ಇನ್ನೊಬ್ಬ ನೆನಪಿಸಿದ. ಆ ರಾತ್ರಿಯ ಅರ್ಧ ಈ ಚರ್ಚೆಗೇ ಹೋಯಿತು.) ಯಜಮಾನ ಕರೆಯುವುದು ಹಾಗೆ. ಆದರೆ ತನ್ನನ್ನು ತಾನು ಪ್ರಥಮ ಪುರುಷದಲ್ಲಿ ಹೇಳಿಕೊಳ್ಳುವ ಜೀವ ಯಾವ ಪ್ರತ್ಯಯವನ್ನು ಒಪ್ಪಿಕೊಳ್ಳಬೇಕು?

ಅವಳು ಕಂಡುಕೊಂಡ ದಾರಿ ಕನ್ನಡ ವ್ಯಾಕರಣದೊಳಗೇ ಇತ್ತು. ಅವನು ಬರಲಿಲ್ಲ, ಅವಳು ಬರಲಿಲ್ಲ, ಅದು ಬರಲಿಲ್ಲ: ಇಂಥ ನಿಷೇಧದಲ್ಲಿ ಲಿಂಗ ಕಾಣುವುದಿಲ್ಲ. ಬೇಕು, ಬೇಡ, ಸಾಕು, ಗೊತ್ತು, ಇಲ್ಲ, ಇವಕ್ಕೂ ಅಷ್ಟೆ. ಅವಳ ಖಜೀಟ್ ತೋಟದಲ್ಲಿದ್ದಷ್ಟು ದಿನ ಈ ಪದಗಳಲ್ಲೇ ಮಾತಾಡಿತು. ಮಾತಾಡಿದಳು, ಮಾತಾಡಿದ, ಯಾವುದನ್ನು ಬರೆಯಬೇಕೋ ನನಗೂ ತೋಚದು. “ಈ ಖಜೀಟ್‌ಗೆ ಗೊತ್ತು.” “ಈ ಖಜೀಟ್ ತಿಂದಿಲ್ಲ.” “ಈ ಖಜೀಟ್‌ಗೆ ಬೇಡ.” ಹೌದು ಎಂದು ಪೂರ್ತಿ ವಾಕ್ಯದಲ್ಲಿ ಒಪ್ಪಿಕೊಂಡ ಕೂಡಲೇ ವ್ಯಾಕರಣ ಅದನ್ನು ಹಿಡಿದುಬಿಡುತ್ತದೆ, ಇಲ್ಲ ಎನ್ನುವಷ್ಟು ಹೊತ್ತು ಅದು ಸ್ವತಂತ್ರ. ಇದನ್ನು ಮೂಲ ಆಟದ ಯಾವ ಬರಹಗಾರನೂ ಬರೆಯಲಾರ, ಇಂಗ್ಲಿಷಿನಲ್ಲಿ ಬರೆಯಲು ಬರುವುದೂ ಇಲ್ಲ.

ನಮ್ಮಲ್ಲೊಬ್ಬ ನನ್ನನ್ನು ಭಾಗವತರೇ ಎಂದು ಕರೆಯತೊಡಗಿದ್ದಾನೆ. ತಾಳಮದ್ದಳೆಯ ಹೋಲಿಕೆ ಯಾರಿಗಾದರೂ ಹೊಳೆಯುವಂಥದೇ. ವೇಷವಿಲ್ಲ, ಕೂತಲ್ಲೇ ಮಾತು, ಎಲ್ಲರಿಗೂ ಗೊತ್ತಿರುವ ಲೋಕ, ಆ ಕ್ಷಣಕ್ಕೆ ಹುಟ್ಟುವ ಅರ್ಥ. ಆದರೆ ಕರ್ಣನ ಅರ್ಥಧಾರಿ ಎಷ್ಟೇ ಚೆನ್ನಾಗಿ ವಾದಿಸಲಿ, ಕರ್ಣ ಸಾಯುತ್ತಾನೆ. ಅಲ್ಲಿನ ಸೊಗಸಿರುವುದೇ ಕೊನೆ ಗೊತ್ತಿದ್ದೂ ವಾದಿಸುವುದರಲ್ಲಿ. ನಮ್ಮಲ್ಲಿ ದಾಳವಿದೆ. ಮಾತು ಗೆದ್ದರೂ ದಾಳ ಸೋಲಿಸಬಹುದು, ಸತ್ತರೆ ಉಳಿಸಿಟ್ಟ ಜಾಗಕ್ಕೆ ಮರಳುವಂತಿಲ್ಲ. ನನ್ನ ಮಟ್ಟಿಗೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ.

ಮೂಲಕ್ಕೆ ನಿಷ್ಠೆ ಎಂಬ ಪ್ರಶ್ನೆ ಪ್ರತಿ ವಾರ ಏಳುತ್ತದೆ. ಗುಂಪಿನಲ್ಲಿ ಒಬ್ಬನಿಗೆ ಈ ಲೋಕದ ಇತಿಹಾಸವೆಲ್ಲ ಬಾಯಿಪಾಠ, ನಾನು ಹೇಳಿದ್ದಕ್ಕೆ ಅಡ್ಡಿ ಬರುತ್ತಲೇ ಇರುತ್ತಾನೆ. ಅವನಿಗೆ ನಾನು ತೋರಿಸುವುದು ಮೂಲವನ್ನೇ. ಕೆಂಪು ಬೆಟ್ಟದ ಯುದ್ಧದಲ್ಲಿ ನೆರೆವಾರ್ ಹೇಗೆ ಸತ್ತ ಎಂಬುದಕ್ಕೆ ದೇವಾಲಯದ್ದು ಒಂದು ಕಥೆ, ಬೂದಿನಾಡಿನ ಅಲೆಮಾರಿಗಳದ್ದು ಇನ್ನೊಂದು. ಆಟದೊಳಗಿನ ಪುಸ್ತಕಗಳು ಒಂದನ್ನೊಂದು ಅಲ್ಲಗಳೆಯುತ್ತವೆ, ಯಾವುದು ನಿಜವೆಂದು ಆಟ ಕೊನೆಗೂ ತೀರ್ಪು ಕೊಡುವುದಿಲ್ಲ. ಇದಕ್ಕೂ ಮೊದಲು, 1996ರ ‘ಡ್ಯಾಗರ್‌ಫಾಲ್’ಗೆ ಹಲವು ಅಂತ್ಯಗಳಿದ್ದವು. ಮುಂದಿನ ಆಟಗಳು ಬಂದಾಗ ಅವುಗಳಲ್ಲಿ ಒಂದನ್ನು ಆರಿಸುವ ಬದಲು ಎಲ್ಲವೂ ಒಟ್ಟಿಗೇ ನಡೆದವು ಎಂದು ಬರೆದುಬಿಟ್ಟರು. ಹಲವು ರಾಮಾಯಣಗಳನ್ನು ಕೇಳಿದ ನಮಗೆ ಇದರಿಂದ ಗಾಬರಿಯಾಗಬೇಕಿಲ್ಲ.

ಸದ್ಯ ನಮ್ಮ ಪಾತ್ರಗಳು ಸಿಕ್ಕಿಕೊಂಡಿರುವುದು ಬೇರೆ ಕಡೆ. ವಿಡಿಯೋ ಗೇಮಿನಲ್ಲಿ ಗುಲಾಮನನ್ನು ಬಿಡಿಸುವುದು ಸುಲಭ. ಕೀಲಿ ಹುಡುಕಿ, ಮಾತಿನ ಪಟ್ಟಿಯಲ್ಲಿ ಒಂದು ಸಾಲನ್ನು ಒತ್ತಿ, ಕೃತಜ್ಞತೆಯ ಒಂದು ಮಾತು ಕೇಳಿ, ನಡೆದುಬಿಡಿ. ಬಿಡುಗಡೆಯಾದವರು ಆಮೇಲೆ ಎಲ್ಲಿ ಉಂಡರು, ಯಾರು ಕೆಲಸ ಕೊಟ್ಟರು ಎಂಬುದು ಬಹುಮಟ್ಟಿಗೆ ಆಟದ ಆಚೆಗಿನ ಮಾತು. ನಮ್ಮ ಕ್ಯಾಂಪೇನಿನಲ್ಲಿ ಡ್ರೆನ್ ತೋಟದಿಂದ ಹನ್ನೊಂದು ಮಂದಿಯನ್ನು ಬಿಡಿಸಲು ಒಂದು ರಾತ್ರಿ ಸಾಕಾಯಿತು. ಅವರಿಗೆ ಅಕ್ಕಿ ಹೊಂದಿಸಲು, ಅಂದರೆ ಅಲ್ಲಿನ ಉಪ್ಪಕ್ಕಿಯನ್ನು ಹೊಂದಿಸಲು, ಇದು ಏಳನೆಯ ಭಾನುವಾರ. ಗುಲಾಮರನ್ನು ಗುಟ್ಟಾಗಿ ದಾಟಿಸುವ ‘ಜೋಡಿ ದೀಪ’ದವರು ಇಬ್ಬರನ್ನಷ್ಟೇ ಒಯ್ಯಬಲ್ಲರು. ಯಾವ ಇಬ್ಬರು ಎಂದು ಹನ್ನೊಂದು ಮಂದಿಯೂ ಖಜೀಟನ್ನೇ ಕೇಳುತ್ತಿದ್ದಾರೆ. ಈ ಸಲ ‘ಇಲ್ಲ’ದಲ್ಲಿ ಉತ್ತರ ಹೇಳಲು ಬರುವಂತಿಲ್ಲ.