ಮಾತು ಯಾರದು? ಬಯಲುಸೀಮೆಯಲ್ಲಿ ಯೋಬನ ಗ್ರಂಥದ ಓದು

ಹೊಸವರ್ಷದ ಆರಾಧನೆಯಲ್ಲಿ ಹಂಚುವ ವಾಗ್ದಾನದ ಚೀಟಿಗಳಲ್ಲಿಯೂ ಗೋಡೆಗೆ ತೂಗುವ ಕ್ಯಾಲೆಂಡರುಗಳಲ್ಲಿಯೂ ಯೋಬನ ಗ್ರಂಥದ 8ನೆಯ ಅಧ್ಯಾಯದ 7ನೆಯ ವಚನವನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಆರಂಭ ಅಲ್ಪವಾದರೂ ಅಂತ್ಯ ಸಮೃದ್ಧವಾದೀತೆಂಬ ಆ ಮಾತನ್ನು ವಿಶ್ವಾಸಿಗಳು ದೇವರ ಬಾಯಿಂದ ಬಂದ ವಾಗ್ದಾನವೆಂದೇ ಸ್ವೀಕರಿಸುತ್ತಾರೆ. ಆಡಿದವನಾದರೋ ಶೂಹ್ಯನಾದ ಬಿಲ್ದದ. ಅವನೇ ಮೂರು ವಚನಗಳ ಹಿಂದೆ, ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡ ತಂದೆಯ ಎದುರಿಗೆ, ಅವರ ಸಾವು ಅವರ ಪಾಪದ ಫಲವೆಂಬ ಅರ್ಥ ಬರುವಂತೆ ನುಡಿದಿದ್ದಾನೆ. ಚೀಟಿಯಲ್ಲಿ ಅದಕ್ಕೆ ಎಡೆಯಿಲ್ಲ.

ಇದು ಪಂಡಿತರ ಸೂಕ್ಷ್ಮವಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಪಾವಗಡ ಸೀಮೆಯಲ್ಲಿ ಅಂತರ್ಜಲದ ಫ್ಲೋರೈಡ್ ತಲೆಮಾರುಗಳ ಸಂಕಟ. ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಬಹಳವಾಗಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ, ಕೀಲು ಬಿಗಿಯುತ್ತದೆ, ಮೂಳೆ ಬಾಗುತ್ತದೆ. ಹೀಗೆ ಬಾಗಿದ ಬೆನ್ನಿನವನು ಸಭೆಯಲ್ಲಿ ಕುಳಿತಿರುವಾಗ, ನಿರಪರಾಧಿಯು ಎಂದಾದರೂ ನಾಶವಾದದ್ದುಂಟೇ ಎಂಬ ಎಲೀಫಜನ ವಾದವನ್ನು ಪೀಠದಿಂದ ದೇವೋಕ್ತಿಯೆಂದು ಸಾರಿದರೆ, ಕೊಳವೆಬಾವಿಯ ದೋಷವನ್ನು ಆ ಮನುಷ್ಯನ ಹೆಗಲಿಗೆ ಹೊರಿಸಿದಂತಾಗುತ್ತದೆ. ಇಂಥ ಪ್ರಸಂಗಗಳನ್ನು ಕೇಳಿದ್ದೇವೆ. ಒಂದೆರಡನ್ನು ನಾವೇ ಮಾಡಿದ್ದೇವೆಂದು ಒಪ್ಪಿಕೊಳ್ಳುವುದು ಲೇಸು.

ತಪ್ಪಿನ ಮೂಲವಿರುವುದು ವಾಕ್ಯಭಾಗದ ಜಾತಿಯನ್ನು ಗುರುತಿಸದಿರುವಲ್ಲಿ. ಯೋಬನ ಗ್ರಂಥದ ಮೊದಲ ಎರಡು ಅಧ್ಯಾಯಗಳು ಗದ್ಯ; ಕಡೆಯಲ್ಲಿ 42:7ರಿಂದ ಮತ್ತೆ ಗದ್ಯ. ನಡುವಿನ ಭಾಗ ಬಹುಪಾಲು ಪದ್ಯರೂಪದ ವಾಗ್ವಾದ. ಗದ್ಯದ ಚೌಕಟ್ಟು ಕಥೆಯನ್ನು ನಡೆಸುತ್ತದೆ: ನೆಮ್ಮದಿ, ನಷ್ಟ, ಮಿತ್ರರ ಆಗಮನ, ಕೊನೆಗೆ ತೀರ್ಪು. ಪದ್ಯದಲ್ಲಿ ಕಥೆ ನಿಂತು, ಮಾತು ಮಾತ್ರ ಹರಿಯುತ್ತದೆ. ವಾಚಕನಿಗೆ ಮೊದಲೆರಡು ಅಧ್ಯಾಯಗಳಲ್ಲೇ ತಿಳಿದ ಸಂಗತಿ ಮಿತ್ರರಿಗೆ ತಿಳಿದಿಲ್ಲ. ಇಡೀ ರಚನೆ ನಿಂತಿರುವುದೇ ಈ ಅಂತರದ ಮೇಲೆ. 42:7ರಲ್ಲಿ ದೇವರು ಎಲೀಫಜನನ್ನೂ ಅವನ ಇಬ್ಬರು ಮಿತ್ರರನ್ನೂ ಗದರಿಸುತ್ತಾನೆ. (ಎಲೀಹುವಿನ ಹೆಸರು ಅಲ್ಲಿ ಬಾರದಿರುವುದು ಬೇರೆಯೇ ಚರ್ಚೆಯ ವಿಷಯ.) ಹೀಗಿರಲು ವಚನಸಂಖ್ಯೆ ಎಲ್ಲವನ್ನೂ ಸಮಮಾಡಿಬಿಡುತ್ತದೆ, ವಂಶಾವಳಿ, ಕಟ್ಟಳೆ, ಪ್ರಲಾಪ, ವಾದ ಎಲ್ಲಕ್ಕೂ ಒಂದೇ ಅಂಕಿ, ಒಂದೇ ಗಾತ್ರ.

ಈ ಭೇದವನ್ನು ನಮ್ಮ ಜನರಿಗೆ ಹೊಸದಾಗಿ ಕಲಿಸಬೇಕಾಗಿಲ್ಲವೆಂಬುದೇ ನಮ್ಮ ವಾದ. ಶಿರಾ ಸೀಮೆಯ ಕಾಡುಗೊಲ್ಲರಲ್ಲಿ ಜುಂಜಪ್ಪನ ಕಥನವನ್ನು ಹಾಡುವವರು ಉದ್ದನೆಯ ಬಿದಿರಿನ ಗಣೆಯನ್ನು ಊದುತ್ತಾರೆ. ಗಣೆ, ಹಾಡು, ಮಾತು, ಮತ್ತೆ ಗಣೆ. ಮಾತಿನಲ್ಲಿ ಕಥೆ ಮುಂದೆ ಸಾಗುತ್ತದೆ. ಹಾಡಿನಲ್ಲಿ ಅದು ಒಂದು ದುಃಖದ ಬಳಿಯೋ ಒಂದು ಹಸುವಿನ ಬಳಿಯೋ ತಂಗುತ್ತದೆ. ದನಗಾಹಿ ವೀರನ ಮೇಲೆ ಸೋದರಮಾವಂದಿರು ಹಗೆ ಸಾಧಿಸುವ ಪ್ರಕರಣ ಬಂದಾಗ, ಅವರ ನುಣುಪಾದ ಮಾತನ್ನು ಜುಂಜಪ್ಪನ ನುಡಿಯೆಂದು ತಿಳಿದು ಕೈಮುಗಿಯುವ ಕೇಳುಗನಿಲ್ಲ. ಅಕ್ಷರ ಬಾರದ ಮುದುಕಿಯೂ ಯಾವ ಮಾತು ಯಾರದೆಂದು ಬಲ್ಲಳು. ಅದೇ ಮುದುಕಿಯ ನೆರೆಯವಳು ದೇವಾಲಯದಲ್ಲಿ ಬಿಲ್ದದನನ್ನು ಕೇಳಿ ಆಮೆನ್ ಅನ್ನುತ್ತಾಳೆಂದರೆ, ದೋಷ ಆಕೆಯದಲ್ಲ, ಓದಿದವರದು.

ನ್ಯಾಯಸ್ಥಾಪಕರ 4 ಮತ್ತು 5ನೆಯ ಅಧ್ಯಾಯಗಳಲ್ಲಿಯೂ ಇಂಥದೇ ಜೋಡಿಯಿದೆ. ಒಂದೇ ಯುದ್ಧವನ್ನು ಮೊದಲು ಗದ್ಯ ಹೇಳುತ್ತದೆ, ಅನಂತರ ದೆಬೋರಳ ಹಾಡು. ಕಿಟಕಿಯಲ್ಲಿ ಮಗನಿಗಾಗಿ ಕಾಯುವ ಸೀಸೆರನ ತಾಯಿ ಹಾಡಿನಲ್ಲಿ ಮಾತ್ರ ಕಾಣುತ್ತಾಳೆ.

ಒಂದು ಆಕ್ಷೇಪಣೆಯನ್ನು ನಾವು ಮರೆಮಾಚಲಾರೆವು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 3:19ರಲ್ಲಿ ಪೌಲನು ಉದ್ಧರಿಸುವುದು ಎಲೀಫಜನ ಮಾತನ್ನೇ; ಅದನ್ನು ಶಾಸ್ತ್ರವೆಂದೇ ಉದ್ಧರಿಸುತ್ತಾನೆ. ಆದ್ದರಿಂದ ಮಿತ್ರರ ಮಾತೆಲ್ಲ ಸುಳ್ಳೆಂದು ತಳ್ಳುವುದೂ ಅಷ್ಟೇ ಅವಸರದ ಓದು. ಅವರ ಸಿದ್ಧಾಂತದಲ್ಲಿ ನಿಜವಿದೆ. ಅದನ್ನು ಬೂದಿಯಲ್ಲಿ ಕುಳಿತವನ ಮೇಲೆ ಪ್ರಯೋಗಿಸಿದ್ದು ಅವರ ಅಪರಾಧ. ಏಳು ದಿನ ನೆಲದ ಮೇಲೆ ಮೌನವಾಗಿ ಕುಳಿತಿದ್ದಾಗ ಅವರು ನಿಜವಾದ ಮಿತ್ರರಾಗಿದ್ದರು.

ಮಧುಗಿರಿಯಲ್ಲಾಗಲಿ ಕೊರಟಗೆರೆಯಲ್ಲಾಗಲಿ 8ನೆಯ ಅಧ್ಯಾಯವನ್ನು ಓದುವ ಸರದಿ ಬಂದವರು, ಮೊದಲು ಬಿಲ್ದದನ ಹೆಸರು ಹೇಳಲಿ. 7ನೆಯ ವಚನದೊಡನೆ 4ನೆಯದನ್ನೂ ಓದಲಿ. ಪುಸ್ತಕ ಮುಚ್ಚುವ ಮುನ್ನ ಹಾಳೆ ತಿರುವಿ 42:7ಕ್ಕೆ ಬರಲಿ.