ಬೋಳಿಸಿದ ಪರ್ಷಿಯನ್

ಬೆಂಗಳೂರಿನ ಇಂದಿರಾನಗರದ ಸಾಕುಪ್ರಾಣಿ ಸಲೂನ್‌ಗಳ ದರಪಟ್ಟಿಯಲ್ಲಿ ಬೆಕ್ಕಿನ ಸ್ನಾನ, ಉಗುರು, ಕಿವಿಗಳ ಜೊತೆಗೆ ಸಾಮಾನ್ಯವಾಗಿ ‘ಲಯನ್ ಕಟ್’ ಕೂಡ ಇರುತ್ತದೆ. ಮೈಯನ್ನೆಲ್ಲ ಚರ್ಮ ಕಾಣುವಷ್ಟು ಬೋಳಿಸಿ, ಮುಖದ ಸುತ್ತ, ಪಾದಗಳ ಮೇಲೆ, ಬಾಲದ ತುದಿಯಲ್ಲಿ ಮಾತ್ರ ಕೂದಲು ಉಳಿಸುವ ಕ್ಷೌರ ಇದು. ಚೆಂದಕ್ಕೆಂದೇ ಮಾಡಿಸುವವರೂ ಇದ್ದಾರೆ. ಆದರೆ ಹೆಚ್ಚಿನವರು ಅಲ್ಲಿಗೆ ಬರುವುದು ಬೇರೆ ದಾರಿ ಉಳಿಯದೆ. ಹೊಟ್ಟೆಯಡಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಕೂದಲು ಜಡೆಗಟ್ಟಿ, ಮುಟ್ಟಿದರೆ ಬೆಕ್ಕು ಕಚ್ಚುವಂತಾದ ಮೇಲೆ ಅದನ್ನು ಬ್ಯಾಗಿಗೆ ಹಾಕಿಕೊಂಡು ಬರುತ್ತಾರೆ. “ಪೂರ್ತಿ ತೆಗೆದುಬಿಡಿ ಅಣ್ಣ” ಎನ್ನುತ್ತಾರೆ. ಆರು ತಿಂಗಳಿಗೆ ಮತ್ತೆ ಅದೇ ಬ್ಯಾಗು, ಅದೇ ಮಾತು.

ತುರ್ತಿನಲ್ಲಿ ಬೋಳಿಸುವುದು ಬೆಕ್ಕಿಗೆ ಮಾಡುವ ಉಪಕಾರ. ಅದನ್ನು ನಾನು ತೆಗಳುವುದಿಲ್ಲ. ನನ್ನ ತಕರಾರು ಇರುವುದು ಬೋಳಿಸುವುದೇ ಉದ್ದ ಕೂದಲಿನ ಬೆಕ್ಕನ್ನು ಸಾಕುವ ಕ್ರಮವಾಗಿಬಿಟ್ಟಿರುವುದರ ಬಗ್ಗೆ. ನಮ್ಮ ಊರಿನ ಪೂರ್ವ ಭಾಗದಲ್ಲಿ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಈ ಕ್ರಮ ಹೇಗೆ ಬೇರೂರಿತೆಂದು ನೋಡಿದರೆ, ತಪ್ಪು ಟ್ರಿಮ್ಮರ್ ಹಿಡಿದವರ ಕೈಯಲ್ಲಿ ಶುರುವಾದದ್ದಲ್ಲ ಎಂದು ತಿಳಿಯುತ್ತದೆ.

ಮೊದಲು ಬೆಕ್ಕಿನ ನಾಲಿಗೆಯ ವಿಷಯ. ಬೆಕ್ಕು ತನ್ನ ಮೈಯನ್ನು ತಾನೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನಾಡಬೆಕ್ಕಿನ ಮಟ್ಟಿಗೆ ಅದು ನಿಜವೇ. ಅಮೆರಿಕದ ಜಾರ್ಜಿಯಾ ಟೆಕ್‌ನ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು 2018ರಲ್ಲಿ ಸಾಕುಬೆಕ್ಕಿನಿಂದ ಹಿಡಿದು ಹುಲಿ, ಸಿಂಹಗಳವರೆಗೆ ಆರು ಜಾತಿಗಳ ನಾಲಿಗೆಯನ್ನು ಪರೀಕ್ಷಿಸಿ ಒಂದು ಅಧ್ಯಯನ ಪ್ರಕಟಿಸಿದರು. ನಾಲಿಗೆಯ ಮೇಲಿನ ಮುಳ್ಳುಗಳ ತುದಿ ಟೊಳ್ಳು. ಅವು ಬಾಯಿಯ ಜೊಲ್ಲನ್ನು ಹೀರಿಕೊಂಡು ಕೂದಲಿನ ಬುಡದವರೆಗೆ ಒಯ್ಯುತ್ತವೆ. ನೆಕ್ಕುವಾಗ ಕೂದಲು ಒತ್ತಿ ತಗ್ಗಾಗುವುದರಿಂದ ಮುಳ್ಳು ಚರ್ಮವನ್ನು ಮುಟ್ಟುತ್ತದೆ. ಆದರೆ ಪರ್ಷಿಯನ್ ಬೆಕ್ಕಿನ ಕೂದಲು ಎಷ್ಟು ಒತ್ತಿದರೂ ಅಷ್ಟು ತಗ್ಗುವುದಿಲ್ಲ, ಮುಳ್ಳು ಬುಡ ಮುಟ್ಟುವುದಿಲ್ಲ. ಅಂದರೆ ಈ ತಳಿಗೆ ತನ್ನದೇ ನಾಲಿಗೆ ಸಾಲದು. ಮನುಷ್ಯರು ಅದರ ಕೂದಲನ್ನು ನಾಲಿಗೆಯ ಅಳತೆ ಮೀರಿ ಬೆಳೆಸಿದ್ದಾರೆ. ಮಿಕ್ಕ ಕೆಲಸ ಮನುಷ್ಯರ ಪಾಲಿನದು.

ಈ ಬೆಳೆಸುವಿಕೆಯ ಕತೆ ನಾಲ್ಕು ಶತಮಾನದಷ್ಟು ಹಳೆಯದು. ಇಟಲಿಯ ಪ್ರವಾಸಿ ಪಿಯೆಟ್ರೋ ಡೆಲ್ಲಾ ವಾಲೆ ಪರ್ಷಿಯಾದಲ್ಲಿದ್ದಾಗ ಖೊರಾಸಾನ್ ಸೀಮೆಯ ಬೂದುಬಣ್ಣದ, ರೇಷ್ಮೆಗೂದಲಿನ ಬೆಕ್ಕುಗಳಿಗೆ ಮನಸೋತು, ಕೆಲವು ಜೋಡಿಗಳನ್ನು ರೋಮಿಗೆ ಒಯ್ಯಬೇಕೆಂದು 1620ರ ಸುಮಾರಿಗೆ ಪತ್ರದಲ್ಲಿ ಬರೆದ. ನಮಗೆ ಈತ ಅಪರಿಚಿತನಲ್ಲ. 1623ರಲ್ಲಿ ಗೇರುಸೊಪ್ಪೆಯ ದಾರಿಯಲ್ಲಿ ಘಟ್ಟ ಹತ್ತಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು ಬರೆದವನು ಇವನೇ. ಅವನು ಮೆಚ್ಚಿದ ಬೆಕ್ಕಿಗೂ ಇಂದಿನ ಪರ್ಷಿಯನ್‌ಗೂ ಬಹಳ ಅಂತರವಿದೆ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಬೆಕ್ಕುಗಳ ಪ್ರದರ್ಶನ ನಡೆದ ಮೇಲೆ ಬಹುಮಾನಕ್ಕಾಗಿ ತಳಿ ತಿದ್ದುವವರು ಹೆಚ್ಚಾದರು. ಮುಖ ಚಪ್ಪಟೆಯಾಯಿತು, ಒಳಗೂದಲು ದಟ್ಟವಾಗಿ ಉದ್ದವಾಯಿತು. ಜಡೆಗಟ್ಟುವುದು ಈ ಒಳಗೂದಲೇ. ಉದುರಿದ ಎಳೆಗಳು ಕೆಳಗೆ ಬೀಳದೆ ಹೊರಗೂದಲಿಗೆ ಸಿಕ್ಕಿಕೊಳ್ಳುತ್ತವೆ. ನಡೆಯುವಾಗಿನ ಉಜ್ಜಾಟ ಮತ್ತು ತೇವ ಸೇರಿ ಬಿಗಿಯುತ್ತವೆ. ಉಣ್ಣೆ ಕಂಬಳಿಯನ್ನು ಬಿಸಿನೀರಿನಲ್ಲಿ ಉಜ್ಜಿದರೆ ಏನಾಗುತ್ತದೆಂದು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಈಗ ಶಿವಾಜಿನಗರಕ್ಕೆ ಬರೋಣ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಹಕ್ಕಿ, ಮೀನುಗಳ ಜೊತೆ ಪರ್ಷಿಯನ್ ಮರಿಗಳನ್ನೂ ಕೊಳ್ಳಬಹುದು. ಮರಿ ಕೊಳ್ಳುವವರಿಗೆ ಆಹಾರದ ಪೊಟ್ಟಣ, ಮಣ್ಣಿನ ತಟ್ಟೆ, ಗಂಟೆ ಕಟ್ಟಿದ ಕೊರಳಪಟ್ಟಿ ಸಿಗುತ್ತವೆ. ಉಕ್ಕಿನ ಬಾಚಣಿಗೆಯನ್ನು ಕೈಗಿಟ್ಟು, ಇದಿಲ್ಲದೆ ಮರಿ ಒಯ್ಯಬೇಡಿ ಎನ್ನುವವರು ಅಪರೂಪ. ಎರಡು ಮೂರು ತಿಂಗಳ ಮರಿಯ ಕೂದಲು ಮೃದು, ಗಿಡ್ಡ, ಬಾಚದಿದ್ದರೂ ನಡೆಯುತ್ತದೆ. ಹಾಗಾಗಿ ಮನೆಯವರಿಗೆ ಧೈರ್ಯ. ವರ್ಷ ತುಂಬುವ ಹೊತ್ತಿಗೆ ದೊಡ್ಡ ಕೂದಲು ಬರುತ್ತದೆ. ಬಾಚಣಿಗೆಯನ್ನೇ ಕಾಣದೆ ಬೆಳೆದ ಬೆಕ್ಕು ಅಷ್ಟರಲ್ಲಿ ಹೊಟ್ಟೆ ಮುಟ್ಟಗೊಡದ ಹಟ ಕಲಿತಿರುತ್ತದೆ. ಕೊರಳಪಟ್ಟಿಯ ಅಡಿಯಲ್ಲೇ ಮೊದಲ ಗಂಟು ಸಿಗುವುದೂ ಉಂಟು. ಕೆ.ಆರ್. ಪುರದ ಅಪಾರ್ಟ್‌ಮೆಂಟಿನಲ್ಲಿ ಹಗಲೆಲ್ಲ ಒಂಟಿಯಾಗಿ, ರಾತ್ರಿಯೂ ದೀಪದ ಬೆಳಕಿನಲ್ಲಿ ಬದುಕುವ ಬೆಕ್ಕಿಗೆ ಕೂದಲುದುರಲು ಇಂಥದೇ ಕಾಲ ಎಂದಿಲ್ಲ, ವರ್ಷವಿಡೀ ಉದುರುತ್ತದೆ. ಇಷ್ಟೆಲ್ಲ ಆದ ಮೇಲೆ ಟ್ರಿಮ್ಮರ್ ಹಿಡಿದವನ ಕೈಗೆ ಅದನ್ನು ಕೊಡುತ್ತೇವೆ.

ಸಲೂನಿಗೆ ಹೋಗುವ ಮುನ್ನ ಮನೆಯಲ್ಲಿ ನಡೆಯುವ ಪ್ರಯೋಗಗಳಲ್ಲಿ ಕತ್ತರಿಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಬೆಕ್ಕಿನ ಚರ್ಮ ಬಹಳ ತೆಳು. ಗಂಟನ್ನು ಎಳೆದು ಹಿಡಿದಾಗ ಅದರ ಜೊತೆ ಚರ್ಮವೂ ಮೇಲೇಳುತ್ತದೆ. ಕೂದಲೆಲ್ಲಿ ಮುಗಿದು ಚರ್ಮವೆಲ್ಲಿ ಶುರುವಾಯಿತೆಂದು ಕಣ್ಣಿಗೆ ಕಾಣುವುದಿಲ್ಲ, ಕೈಗೂ ತಿಳಿಯುವುದಿಲ್ಲ. ಕತ್ತರಿ ಒಮ್ಮೆ ಮುಚ್ಚಿದರೆ ಅಂಗುಲಗಟ್ಟಲೆ ಗಾಯ, ಆಮೇಲೆ ಹೊಲಿಗೆ. ಎಷ್ಟೇ ಎಚ್ಚರವಿರಲಿ, ಗಂಟಿಗೆ ಕತ್ತರಿ ಹಾಕಲೇಬಾರದು. ಎರಡನೆಯ ತಪ್ಪು ಸ್ನಾನ. ಕೊಳೆಯಿಂದಲೇ ಗಂಟಾಯಿತೆಂದುಕೊಂಡು ಭಾನುವಾರ ಬಿಸಿನೀರು ಹೊಯ್ಯುತ್ತಾರೆ. ನೀರು ತಾಗಿದ ಗಂಟು ಒಣಗುತ್ತ ಇನ್ನಷ್ಟು ಬಿಗಿಯುತ್ತದೆ, ಒಳಗಿನ ತೇವ ಆರುವುದೇ ಇಲ್ಲ. ಮಳೆಗಾಲದಲ್ಲಿ ಆ ತೇವದಡಿ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ, ನೊಣ ಕೂತರೆ ಹುಳುವೂ ಆಗಬಹುದು. ಬಿಡಿಸಿ ಆದ ಮೇಲೆ ಸ್ನಾನ, ಅದಕ್ಕೂ ಮುಂಚೆ ಬೇಡ. ಇನ್ನು ಕೊಬ್ಬರಿ ಎಣ್ಣೆ. ನಮ್ಮ ತಲೆಯ ಸಿಕ್ಕಿಗೆ ಒಗ್ಗಿದ್ದು ಬೆಕ್ಕಿಗೆ ಒಗ್ಗುವುದಿಲ್ಲ. ಧೂಳು ಹಿಡಿಯುತ್ತದೆ, ಬೆಕ್ಕು ಅದನ್ನೆಲ್ಲ ನೆಕ್ಕುತ್ತದೆ. ಗಾಯಕ್ಕೆ ಡೆಟಾಲ್ ಹಚ್ಚುವುದಂತೂ ಅಪಾಯ. ಅಂಥ ಫೀನಾಲ್ ಬಗೆಯ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ನಾಯಿಗೆಂದು ತಂದ ಚಿಗಟದ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿನ ಪ್ರಾಣವೇ ಹೋಗಬಹುದು.

ಬೆರಳು ಮತ್ತು ಬಾಚಣಿಗೆ ಮಾಡುವ ಕೆಲಸಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಅದಕ್ಕೆ ಬೇಕಾದದ್ದು ಅಗಲ ಹಲ್ಲಿನ ಉಕ್ಕಿನ ಬಾಚಣಿಗೆ ಮತ್ತು ಅಡುಗೆಮನೆಯ ಒಂದು ಚಿಟಿಕೆ ಕಾರ್ನ್‌ಫ್ಲೋರ್. ಹಿಟ್ಟನ್ನು ಗಂಟಿನೊಳಗೆ ಬೆರಳಿನಿಂದ ಇಳಿಸಿದರೆ ಜಿಡ್ಡು ಹೀರಿ ಎಳೆಗಳು ಜಾರುತ್ತವೆ. ಮುಖಕ್ಕೆ ಹಚ್ಚುವ ಸುವಾಸನೆಯ ಪೌಡರ್ ಬೇಡ, ಚಪ್ಪಟೆ ಮೂಗಿನ ಬೆಕ್ಕಿಗೆ ಅದರ ಧೂಳು ಒಳ್ಳೆಯದಲ್ಲ. ಎಡಗೈಯ ಬೆರಳುಗಳಿಂದ ಗಂಟಿನ ಬುಡವನ್ನು ಚರ್ಮದ ಹತ್ತಿರವೇ ಹಿಡಿದುಕೊಳ್ಳಬೇಕು, ಎಳೆತದ ನೋವು ಚರ್ಮಕ್ಕೆ ತಲುಪಬಾರದು. ಗಂಟನ್ನು ಬೆರಳಿನಿಂದ ಸಣ್ಣಸಣ್ಣದಾಗಿ ಸೀಳಿ, ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವೇ ಬಾಚುತ್ತ ಬರಬೇಕು. ಬಾಲ ಬಡಿಯಲು ಶುರುವಾಯಿತು, ಕಿವಿ ಹಿಂದಕ್ಕೆ ಹೋಯಿತು ಎಂದರೆ ಅಂದಿಗೆ ಅಷ್ಟೇ ಸಾಕು. ಉಳಿದದ್ದು ನಾಳೆ. ಒಂದು ಗಂಟಿಗೆ ವಾರ ಹಿಡಿದರೂ ನಷ್ಟವೇನಿಲ್ಲ. ಬಲವಂತವಾಗಿ ಒಂದೇ ಸಲಕ್ಕೆ ಮುಗಿಸಿದರೆ ಬೆಕ್ಕು ಬಾಚಣಿಗೆ ಕಂಡರೆ ಮಂಚದಡಿ ಸೇರುತ್ತದೆ. ಕೊಯ್ಯುವ ಅಲಗುಗಳಿರುವ ‘ಡಿಮ್ಯಾಟಿಂಗ್’ ಬಾಚಣಿಗೆ ಅನುಭವವಿಲ್ಲದ ಕೈಯಲ್ಲಿ ಕತ್ತರಿಯಷ್ಟೇ ಅಪಾಯಕಾರಿ.

ಚರ್ಮಕ್ಕೆ ಅಂಟಿಕೊಂಡ, ಬುಡಕ್ಕೆ ಬೆರಳು ಹೋಗದ ಜಡೆಯನ್ನು ಬಿಡಿಸಲು ಹೋಗುವುದು ಹಿಂಸೆ. ಅಲ್ಲಿ ಟ್ರಿಮ್ಮರೇ ಸರಿ. ಒಳ್ಳೆಯ ಗ್ರೂಮರ್ ಒಬ್ಬರು ಕೆಲಸ ಮಾಡುವುದನ್ನು ನೋಡಿದರೆ ಗೌರವ ಹುಟ್ಟುತ್ತದೆ. ಹತ್ತನೇ ನಂಬರಿನ ಬ್ಲೇಡು, ಚರ್ಮವನ್ನು ಬಿಗಿಯಾಗಿ ಹಿಡಿದ ಎಡಗೈ, ಬ್ಲೇಡು ಕಾದಿದೆಯೇ ಎಂದು ಆಗಾಗ ತಮ್ಮ ಮಣಿಕಟ್ಟಿಗೆ ಮುಟ್ಟಿಸಿ ನೋಡುವ ಎಚ್ಚರ. ಗಂಟಿದ್ದ ಜಾಗವನ್ನಷ್ಟೇ ತೆಗೆದು ಉಳಿದದ್ದನ್ನು ಬಾಚಿ ಬಿಡುತ್ತಾರೆ. ಸಮಯ ಹೆಚ್ಚು ಹಿಡಿಯುವ ಕೆಲಸ ಇದು. ಪೂರ್ತಿ ಬೋಳಿಸುವುದು ಬೇಗ ಮುಗಿಯುತ್ತದೆ. ವಾರದ ಕೊನೆಗೆ ಮನೆಗೇ ಬರುವ ಗ್ರೂಮರ್‌ಗಳಿಂದ ಬೆಕ್ಕಿಗೆ ಪ್ರಯಾಣದ ಭಯವಿಲ್ಲ, ನಾಯಿಗಳ ಬೊಗಳು ಕೇಳಬೇಕಿಲ್ಲ. ಆದರೆ ಪಶುವೈದ್ಯರಿಲ್ಲದೆ ಮನೆಯಲ್ಲೇ ಮತ್ತಿನ ಔಷಧಿ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಅವರನ್ನು ಹಾಗೇ ವಾಪಸು ಕಳಿಸಬೇಕು. ಪರ್ಷಿಯನ್ ತಳಿಗೆ ಮೂತ್ರಪಿಂಡದಲ್ಲಿ ನೀರ್ಗುಳ್ಳೆಗಳಾಗುವ ಆನುವಂಶಿಕ ರೋಗವಿದೆ. ಅದಕ್ಕೆ ಕಾರಣವಾದ ಜೀನ್ ದೋಷ 2004ರಲ್ಲಿ ಪತ್ತೆಯಾಯಿತು. ರಕ್ತಪರೀಕ್ಷೆ ಮಾಡದೆ, ಚಪ್ಪಟೆ ಮುಖದ ಉಸಿರಾಟವನ್ನು ಲೆಕ್ಕಿಸದೆ ಮತ್ತು ಬರಿಸುವುದು ಜೀವದೊಡನೆ ಆಡುವ ಆಟ.

ಬೋಳಿಸಿ ಮುಗಿಸುವ ಈ ಇಡೀ ಪದ್ಧತಿಯ ದೊಡ್ಡ ಕೊರತೆ ಇನ್ನೊಂದಿದೆ. ವರ್ಷಗಟ್ಟಲೆ ತನ್ನ ಬೆನ್ನನ್ನು ನೀಟಾಗಿಟ್ಟುಕೊಂಡಿದ್ದ ಬೆಕ್ಕಿನ ಸೊಂಟದ ಮೇಲೆ ಇದ್ದಕ್ಕಿದ್ದಂತೆ ಗಂಟು ಬಂದರೆ ಅದು ಕೂದಲಿನ ಸಮಸ್ಯೆಯಾಗಿರಲಿಕ್ಕಿಲ್ಲ. ಕೀಲುನೋವಿನಿಂದ ಮೈ ತಿರುಗಿಸಲಾಗುತ್ತಿಲ್ಲವೋ, ಹಲ್ಲುನೋವಿನಿಂದ ನೆಕ್ಕಲಾಗುತ್ತಿಲ್ಲವೋ, ಬೊಜ್ಜಿನಿಂದ ನಾಲಿಗೆ ಅಲ್ಲಿಗೆ ಎಟುಕುತ್ತಿಲ್ಲವೋ ಎಂದು ಪಶುವೈದ್ಯರು ನೋಡಬೇಕು. ಬೋಳಿಸಿದಾಗ ಆ ಸೂಚನೆಯೇ ಅಳಿಸಿಹೋಗುತ್ತದೆ. ಮನೆಗೆ ಚೊಕ್ಕ ಬೆಕ್ಕು ಬರುತ್ತದೆ, ಒಳಗಿನ ನೋವು ಹಾಗೇ ಇರುತ್ತದೆ. ಹಲಸೂರಿನವರಿಗೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ದೂರವಲ್ಲ. 1958ರಿಂದ ನಡೆಯುತ್ತಿರುವ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೂ ಇದೇ ಊರಿನಲ್ಲಿದೆ. ಮಧ್ಯವಯಸ್ಸು ದಾಟಿದ ಬೆಕ್ಕಿಗೆ ಹೊಸದಾಗಿ ಗಂಟಾದರೆ ಮೊದಲು ವೈದ್ಯರು, ಆಮೇಲೆ ಸಲೂನು.

ಬೇಸಿಗೆಯ ಸೆಕೆಗೆಂದು ಬೋಳಿಸುತ್ತೇವೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಗಂಟಿಲ್ಲದೆ ಬಿಡಿಬಿಡಿಯಾಗಿರುವ ಕೂದಲು ಬಿಸಿಲನ್ನು ತಡೆಯುತ್ತದೆ. ಬಾಲ್ಕನಿಯಲ್ಲಿ ಮಲಗುವ ಬಿಳಿ ಬೆಕ್ಕಿನ ಬೋಳು ಚರ್ಮ ಸುಡುತ್ತದೆ. ನೆರಳು, ನೀರು, ಫ್ಯಾನು ಸಾಕು.

ಎಲ್ಲರ ಕೈಲೂ ನಿತ್ಯ ಬಾಚಲಾಗುವುದಿಲ್ಲ ಎಂಬುದೂ ನಿಜ. ಬೆರಳುಗಳಲ್ಲಿ ವಾತ ಹಿಡಿದ ಅಜ್ಜಿಯೊಬ್ಬರ ಮಡಿಲಲ್ಲಿ ಹದಿಮೂರು ವರ್ಷದ ಪರ್ಷಿಯನ್ ಇದ್ದರೆ ಅವರಿಗೆ ಬಾಚಣಿಗೆಯ ಪಾಠ ಹೇಳುವುದು ಅನ್ಯಾಯ. ಅಂಥವರು ಎರಡು ತಿಂಗಳಿಗೊಮ್ಮೆ ಗ್ರೂಮರನ್ನು ಕರೆಸಿ, ಹೊಟ್ಟೆ, ಕಂಕುಳು, ತೊಡೆಸಂದಿ, ಬಾಲದ ಬುಡ ಇಷ್ಟನ್ನು ಮಾತ್ರ ಗಿಡ್ಡ ಮಾಡಿಸಿದರೆ ಸಾಕು. ಬೆನ್ನು, ಕತ್ತು ಹಾಗೇ ಉಳಿಯುತ್ತವೆ, ಗಂಟಾಗುವ ಜಾಗಗಳಲ್ಲಿ ಉದ್ದ ಕೂದಲೇ ಇರುವುದಿಲ್ಲ. ಪೂರ್ತಿ ಬೋಳಿಸಿದ ಬೆಕ್ಕನ್ನು ಈಗ ಮನೆಗೆ ಕರೆತಂದವರಿಗೂ ಕಾಲ ಮೀರಿಲ್ಲ. ಉದ್ದ ಕೂದಲು ಮರಳಲು ನಾಲ್ಕಾರು ತಿಂಗಳು ಬೇಕು. ಬಾಚಿದರೆ ನೋವಾಗದ ಕಾಲ ಅದು. ಊಟದ ತಟ್ಟೆ ಇಡುವ ಮುಂಚೆ ಎರಡು ನಿಮಿಷ, ಮೊದಲು ಬೆನ್ನು, ನಂತರ ಎದೆ, ಅದು ಬಿಟ್ಟುಕೊಟ್ಟ ದಿನ ಹೊಟ್ಟೆ.